ಭಾವಚಿತ್ರ ನಡೆದು ಬಂದ ದಾರಿ

ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ತಾವು ನೋಡಿದ್ದೀರೋ ಇಲ್ಲವೋ ನಾನರಿಯೆ. ಇಲ್ಲವಾದರೆ ಒಮ್ಮೆ ಬಂದು ನೋಡತಕ್ಕದ್ದು. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಸಿಂದ ಅರಸರು ಆಳಿದ ಊರು ಇದು. ಸುತ್ತ ಬಂಡೆಯ ಬೆಟ್ಟಗಳು, ನಡುವೆ ಒಂದೇ ಕಲ್ಲಿನಲ್ಲಿ ಕಡೆದ, ಆಳೆತ್ತರವನ್ನು ಮೀರಿದ ಬಸವಣ್ಣ. ತೇರು ಕದಲುವ ಹೊತ್ತಿಗೆ ಜನರೆಲ್ಲ ತೇರಿನ ಕಡೆಗೆ ಮುಖಮಾಡಿ, ಕಳಸಕ್ಕೆ ಗುರಿಯಿಟ್ಟು ಬಾಳೆಹಣ್ಣು ಉತ್ತತ್ತಿಗಳನ್ನು ಎಸೆಯುವುದು ನಾನು ಚಿಕ್ಕಂದಿನಿಂದ ಕಂಡ ನೋಟ. ಈಚಿನ ಹಲವು ವರ್ಷಗಳಿಂದ ಅಲ್ಲಿ ಇನ್ನೊಂದು ನೋಟವೂ ಸೇರಿಕೊಂಡಿದೆ. ಎಳೆಯರಲ್ಲಿ ಅನೇಕರು ತೇರಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಬಲಗೈ ನೀಡಿ ಮೊಬೈಲನ್ನು ಎತ್ತಿ ಹಿಡಿದು, ಅದರಲ್ಲಿ ತಮ್ಮ ಮುಖವನ್ನೂ ಹೆಗಲ ಹಿಂದೆ ಬರುವ ತೇರನ್ನೂ ಒಟ್ಟಿಗೆ ನೋಡಿಕೊಳ್ಳುತ್ತಾರೆ. ಹಿರಿಯರು ಇದನ್ನು ಕಂಡು ಗೊಣಗುವುದುಂಟು. ನಾನೂ ಗೊಣಗಿದ್ದೇನೆ. ಆದರೆ ಗೊಣಗಿದ ಮೇಲೆ, ಮನುಷ್ಯ ತನ್ನ ಮುಖದ ಚಿತ್ರವನ್ನು ಪಡೆಯಲು ಎಷ್ಟು ಪಾಡುಪಟ್ಟಿದ್ದಾನೆ ಎಂಬುದನ್ನು ಒಮ್ಮೆ ಹಿಂದಿರುಗಿ ನೋಡಬೇಕೆನ್ನಿಸಿತು. ಹಾಗೆ ನೋಡಿದಾಗ ಕಂಡ ಸಂಗತಿಗಳನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಕ್ಯಾಮರಾ ಬರುವುದಕ್ಕೆ ಮೊದಲು ನಮ್ಮ ನಾಡಿನಲ್ಲಿ ಮನುಷ್ಯರ ಚಿತ್ರಗಳೇ ಇರಲಿಲ್ಲವೆಂದಲ್ಲ. ಊರ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ನಿಂತಿವೆ. ತುರು ಕಾಯಲು ಹೋಗಿ ಮಡಿದವನು ಆ ಕಲ್ಲಿನಲ್ಲಿ ಬಿಲ್ಲು ಹಿಡಿದು ನಿಂತಿದ್ದಾನೆ. ಆದರೆ ಒಂದು ಕಲ್ಲಿನ ವೀರನಿಗೂ ಇನ್ನೊಂದು ಕಲ್ಲಿನ ವೀರನಿಗೂ ಮುಖದಲ್ಲಿ ಭೇದವಿಲ್ಲ. ಭೇದವಿರುವುದು ಕೆಳಗೆ ಕೆತ್ತಿದ ಹೆಸರಿನಲ್ಲಿ. ಕಲ್ಲುಕುಟಿಗನಿಗೆ ಬೇಕಾದದ್ದು ವೀರತ್ವವೇ ಹೊರತು ಮೂಗಿನ ಡೊಂಕಲ್ಲ. ತಿರುಮಲೆಯಲ್ಲಿ ಕೃಷ್ಣದೇವರಾಯನೂ ಅವನ ಇಬ್ಬರು ರಾಣಿಯರೂ ಕೈಮುಗಿದು ನಿಂತ ಲೋಹದ ಪ್ರತಿಮೆಗಳಿವೆ. ಆದರೆ ಅದು ಅರಸರ ಮಾತು. ಬೇಲೂರಿನ ದರ್ಪಣಸುಂದರಿ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ನೋಡಿಕೊಳ್ಳುತ್ತಿದ್ದಾಳೆ. ಮುಖ ನೋಡಿಕೊಳ್ಳುವ ಆಸೆ ಅಷ್ಟು ಹಳೆಯದು. ಆದರೆ ಕನ್ನಡಿಯೊಳಗಿನ ಮುಖ ಅಲ್ಲಿ ನಿಲ್ಲುವುದಿಲ್ಲವಲ್ಲ! ಸರಿದು ನಿಂತರೆ ಅದೂ ಸರಿಯಿತು. ರೈತನ, ನೇಕಾರನ, ಕುಂಬಾರನ ಮುಖ ಅವರನ್ನು ಕಂಡವರ ನೆನಪಿನಲ್ಲಿ ಇದ್ದಷ್ಟು ಕಾಲ ಇದ್ದು, ಆ ನೆನಪಿನವರೊಡನೆ ಮಣ್ಣಾಗುತ್ತಿತ್ತು.

ಆ ಬಿಂಬವನ್ನು ನಿಲ್ಲಿಸುವ ವಿದ್ಯೆಯನ್ನು ಫ್ರಾನ್ಸಿನ ಡಾಗೇರ್ ಎಂಬವನ ಹೆಸರಿನಲ್ಲಿ 1839ರಲ್ಲಿ ಲೋಕಕ್ಕೆ ಸಾರಿದರು. ಬೆಳ್ಳಿಯ ಲೇಪವಿದ್ದ ತಾಮ್ರದ ತಗಡನ್ನು ಅಯೊಡಿನ್ನಿನ ಹೊಗೆಗೆ ಹಿಡಿದು, ಮಸೂರದ ಮುಂದೆ ಬೆಳಕಿಗೆ ಒಡ್ಡಿ, ಬಳಿಕ ಪಾದರಸದ ಆವಿಗೆ ಕಾಣಿಸಿದರೆ ಬಿಂಬ ಮೂಡುತ್ತಿತ್ತು. ವಿಚಿತ್ರವೇನೆಂದರೆ, ಈ ವಿದ್ಯೆ ಹುಟ್ಟಿದ ವರ್ಷವೇ ಸೆಲ್ಫಿಯೂ ಹುಟ್ಟಿತು. ಅಮೆರಿಕದ ಫಿಲಡೆಲ್ಫಿಯದಲ್ಲಿ ದೀಪಗಳನ್ನು ತಯಾರಿಸುವ ಮನೆತನದ ರಾಬರ್ಟ್ ಕಾರ್ನೀಲಿಯಸ್ ಎಂಬ ತರುಣ ತನ್ನ ಅಂಗಡಿಯ ಹಿತ್ತಿಲಲ್ಲಿ ಪೆಟ್ಟಿಗೆಯನ್ನು ನಿಲ್ಲಿಸಿ, ಮಸೂರದ ಮುಚ್ಚಳ ತೆಗೆದು, ಓಡಿಹೋಗಿ ಅದರ ಎದುರು ಅಲುಗದೆ ನಿಂತ. ತಲೆಗೂದಲು ಕೆದರಿದೆ, ದೃಷ್ಟಿ ಓರೆಯಾಗಿದೆ. ಚಿತ್ರ ಬಂದೀತೋ ಇಲ್ಲವೋ ಎಂಬ ಶಂಕೆ ಆ ಮುಖದಲ್ಲಿ ಇಂದಿಗೂ ಕಾಣುತ್ತದೆ. ಮರು ವರ್ಷವೇ ಫ್ರಾನ್ಸಿನಲ್ಲಿ ಹಿಪೊಲಿತ್ ಬಯಾರ್ ಎಂಬವನು ತಾನು ನೀರಿನಲ್ಲಿ ಮುಳುಗಿ ಸತ್ತವನಂತೆ ಒರಗಿ ಕುಳಿತು ತನ್ನ ಚಿತ್ರವನ್ನು ತಾನೇ ತೆಗೆದುಕೊಂಡ. ಛಾಯಾಗ್ರಹಣದ ಒಂದು ವಿಧಾನವನ್ನು ಇವನೂ ಸ್ವತಂತ್ರವಾಗಿ ಕಂಡುಹಿಡಿದಿದ್ದ. ಮನ್ನಣೆಯೆಲ್ಲ ಡಾಗೇರನಿಗೆ ಹೋಯಿತು. ಆ ಸಿಟ್ಟಿಗೆ ಸತ್ತವನ ವೇಷ! ಜನರ ಮುಂದೆ ತನ್ನ ಅಳಲನ್ನು ಚಿತ್ರದಲ್ಲಿ ತೋಡಿಕೊಳ್ಳುವುದು ನಿನ್ನೆ ಮೊನ್ನೆಯ ಚಾಳಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ಮಾತು. ಡಾಗೇರನ ತಗಡಿನಲ್ಲಿ ಮೂಡುತ್ತಿದ್ದುದು ಕನ್ನಡಿಯ ಬಿಂಬದಂತೆ ಎಡಬಲ ತಿರುಗಿದ ಚಿತ್ರ. ಮೊಬೈಲಿನ ಮುಂಗಣ್ಣಿನಲ್ಲಿ ತಮ್ಮನ್ನು ನೋಡಿಕೊಳ್ಳುವವರಿಗೂ ಗಾಜಿನ ಮೇಲೆ ಕಾಣುವುದು ಕನ್ನಡಿಯ ಬಿಂಬವೇ. ನಮ್ಮ ಮುಖವೆಂದು ನಾವು ನಂಬಿರುವುದು ಆ ತಿರುಗಿದ ಮುಖವನ್ನು. ಬೇರೆಯವರು ತೆಗೆದ ಚಿತ್ರದಲ್ಲಿ ‘ಇದು ನಾನಲ್ಲ’ ಎನ್ನಿಸಲು ಅದೂ ಒಂದು ಕಾರಣ. ಲೋಕ ನಮ್ಮನ್ನು ಕಂಡಂತೆ ನಾವು ನಮ್ಮನ್ನು ಕಂಡೇ ಇಲ್ಲ.

ನಮ್ಮ ಸೀಮೆಗೆ ಕ್ಯಾಮರಾ ಬಂದುದು ಮನುಷ್ಯರಿಗಾಗಿ ಅಲ್ಲ, ಕಲ್ಲಿಗಾಗಿ. ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಹಂಪೆಗೆ ಬಂದು, ಮೇಣ ಹಿಡಿಸಿದ ದೊಡ್ಡ ದೊಡ್ಡ ಕಾಗದಗಳ ಮೇಲೆ ಆ ಹಾಳೂರಿನ ಗುಡಿ ಮಂಟಪಗಳ ಬಿಂಬವನ್ನು ಹಿಡಿದ. ಬೆಳಕು ಆ ಕಾಗದದ ಮೇಲೆ ಸಾಕಷ್ಟು ಹೊತ್ತು ಬೀಳಬೇಕಾಗಿತ್ತು. ಕಲ್ಲಿನ ರಥಕ್ಕೇನು, ಎಷ್ಟು ಹೊತ್ತಾದರೂ ಅಲುಗದೆ ನಿಂತೀತು. ಹಾದಿಯಲ್ಲಿ ನಡೆದುಹೋದ ದನಗಾಹಿಯ ಗುರುತು ಅಂಥ ಕಾಗದದ ಮೇಲೆ ಉಳಿಯುವುದಿಲ್ಲ. ಈ ನೆಗೆಟಿವ್‌ಗಳು ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕ ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ನಿಂತು ಮತ್ತೆ ಚಿತ್ರಗಳನ್ನು ತೆಗೆದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ಗೋಪುರದಲ್ಲಿ ಏನು ಉಳಿದಿದೆ, ಏನು ಬಿದ್ದಿದೆ ಎಂದು ತಿಳಿದವರು ಹೇಳುತ್ತಾರೆ. ಕಲ್ಲುಗಳ ಲೆಕ್ಕ ಹೀಗೆ ಸಿಕ್ಕಿತು. 1856ರಲ್ಲಿ ಕುರುಗೋಡಿನಲ್ಲಿಯೋ ಕಮಲಾಪುರದಲ್ಲಿಯೋ ಬದುಕಿದ್ದ ನಮ್ಮ ಮುತ್ತಜ್ಜನ ಅಜ್ಜನ ಮುಖ ಹೇಗಿತ್ತೆಂದು ಮಾತ್ರ ಯಾರೂ ಹೇಳಲಾರರು.

ದಂಡು ಇಳಿದ ಊರುಗಳಿಗೆ ಫೋಟೋದವರು ಬೆನ್ನಹಿಂದೆಯೇ ಬರುತ್ತಿದ್ದರು. ಸಿಪಾಯಿಗೆ ಊರಿಗೆ ಕಳುಹಿಸಲು ಒಂದು ಚಿತ್ರ ಬೇಕಲ್ಲವೆ? ಬಳ್ಳಾರಿಯೂ ದಂಡಿನ ಊರೇ. ಆದರೆ ಆ ಕಾಲದಲ್ಲಿ ಚಿತ್ರ ತೆಗೆಸುವುದು ದೊರೆಗಳಿಗೆ, ದುಡ್ಡಿದ್ದವರಿಗೆ ಸಲ್ಲುವ ಕಾರ್ಯ. ತ್ರಿಪುರದ ಅರಸು ಬೀರಚಂದ್ರ ಮಾಣಿಕ್ಯ 1880ರ ಸುಮಾರಿಗೆ ತನ್ನ ರಾಣಿ ಮನಮೋಹಿನಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಕ್ಯಾಮರಾದ ಬಾಗಿಲನ್ನು ತಾನೇ ದೂರದಿಂದ ನಡೆಸಿ ಚಿತ್ರ ತೆಗೆದ. ಇದನ್ನೇ ಭಾರತದ ಮೊದಲ ಸೆಲ್ಫಿ ಎಂದು ಕರೆಯುವುದುಂಟು. ಅದರಲ್ಲಿ ಅರಸ ರಾಣಿಯನ್ನು ಬಳಸಿ ಹಿಡಿದಿದ್ದಾನೆ. ಪರಪುರುಷನಾದ ಫೋಟೋದವನು ಎದುರಿಗೆ ನಿಂತಿದ್ದರೆ ಆ ಕೈ ಅಲ್ಲಿಗೆ ಬರುತ್ತಿರಲಿಲ್ಲ. ಎದುರಿಗೆ ಇನ್ನೊಬ್ಬನಿಲ್ಲದಿದ್ದರೆ ಚಿತ್ರದಲ್ಲಿ ಏನು ಬದಲಾಗುತ್ತದೆ ಎಂಬುದಕ್ಕೆ ಈ ಕೈಯೇ ನಿದರ್ಶನ.

ಕನ್ನಡದಲ್ಲಿ ಇದಕ್ಕೆ ‘ಭಾವಚಿತ್ರ’ವೆಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ! ಹೆಸರೇನೋ ಸೊಗಸಾಗಿದೆ. ಆದರೆ ಹಳೆಯ ಚಿತ್ರಗಳಲ್ಲಿ ಭಾವವಿದ್ದರೆ ಚಿತ್ರವೇ ಕೆಡುತ್ತಿತ್ತು. ನಕ್ಕರೆ ತುಟಿ ಮಸುಕು, ತಲೆಯಾಡಿಸಿದರೆ ಎರಡು ತಲೆ. ತಲೆ ಅಲುಗದಿರಲೆಂದು ಕತ್ತಿನ ಹಿಂದೆ ಕಾಣದಂತೆ ಕಬ್ಬಿಣದ ಕವಲನ್ನು ನಿಲ್ಲಿಸುತ್ತಿದ್ದ ಕಾಲವಿತ್ತು. ಆಗಿನ ಗಾಜಿನ ಫಲಕಗಳಿಗೆ ಕೆಂಪು ಬಣ್ಣ ಕಾಣಿಸುತ್ತಿರಲಿಲ್ಲ. ಹೀಗಾಗಿ ಹಣೆಯ ಕುಂಕುಮ ಕಪ್ಪಾಗಿ ಬರುತ್ತಿತ್ತು. ‘ಛಾಯಾಚಿತ್ರ’ವೆಂಬ ಮಾತು ನನಗೆ ಇನ್ನೂ ಹೆಚ್ಚು ಒಪ್ಪಿಗೆ. ಸೂರ್ಯನ ತಾಪವನ್ನು ತಾಳಲಾರದೆ ಸಂಜ್ಞಾದೇವಿ ತನ್ನ ನೆರಳನ್ನೇ ಹೆಣ್ಣಾಗಿಸಿ ಗಂಡನ ಮನೆಯಲ್ಲಿ ಬಿಟ್ಟು ತವರಿಗೆ ಹೋದಳೆಂದು ಪುರಾಣ. ಆ ನೆರಳಿನ ಹೆಸರೇ ಛಾಯೆ. ಹೋದವರ ಬದಲಿಗೆ ಮನೆಯಲ್ಲಿ ನಿಲ್ಲುವವಳು ಅವಳು.

ಛಾಯಾಗ್ರಾಹಕನ ಕೈಯಿಂದ ಕ್ಯಾಮರಾವನ್ನು ಕಿತ್ತು ಮನೆಯವರ ಕೈಗೆ ಕೊಟ್ಟವನು ಅಮೆರಿಕದ ಜಾರ್ಜ್ ಈಸ್ಟ್‌ಮನ್. 1888ರಲ್ಲಿ ಅವನು ಮಾರಿದ ಕೊಡಾಕ್ ಪೆಟ್ಟಿಗೆಯಲ್ಲಿ 100 ಚಿತ್ರಗಳಿಗಾಗುವಷ್ಟು ಸುರುಳಿ ತುಂಬಿರುತ್ತಿತ್ತು, ಬೆಲೆ 25 ಡಾಲರು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ ಚಿತ್ರಗಳೂ ಹೊಸ ಸುರುಳಿಯೂ ಬರುತ್ತಿದ್ದವು. 1900ರಲ್ಲಿ ಬ್ರೌನಿ ಎಂಬುದನ್ನು ಒಂದೇ ಡಾಲರಿಗೆ ಮಾರಿದರು. ಅಲ್ಲಿಯ ಮಕ್ಕಳ ಕೈಗೂ ಕ್ಯಾಮರಾ ಬಂದಿತು. ನಮ್ಮಲ್ಲಿಗೆ ಆ ಅನುಕೂಲ ಬರಲು ಇನ್ನೂ ಎರಡು ತಲೆಮಾರು ಹಿಡಿಯಿತು. ಬರೋಡೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಕ್ಯಾಮರಾ ಮಧ್ಯಮ ವರ್ಗದ ಮನೆಗಳಿಗೆ ಬಂತು. ಸುರುಳಿಯೊಂದಕ್ಕೆ 12 ಚಿತ್ರ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಸರ್ಕಾರಿ ಕಾರ್ಖಾನೆ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸಿತು. ಹನ್ನೆರಡೇ ಚಿತ್ರವೆಂದ ಮೇಲೆ ಒಂದನ್ನು ತೆಗೆಯಲು ಮನೆಯಲ್ಲೆಲ್ಲ ಚರ್ಚೆ. ಒಂದು ಸುರುಳಿಯಲ್ಲಿ ಯುಗಾದಿಯೂ ಇರುತ್ತಿತ್ತು, ದೀಪಾವಳಿಯೂ ಇರುತ್ತಿತ್ತು.

ಕುರುಗೋಡಿನಂಥ ಊರಿಗೆ ಅದೂ ದೂರವೇ. ನಮಗೆ ಫೋಟೋ ಎಂದರೆ ಒಂದು ಜಾತ್ರೆಯ ಡೇರೆ, ಇಲ್ಲವೆ ಬಳ್ಳಾರಿಯ ಸ್ಟುಡಿಯೋ. ಜಾತ್ರೆಯ ಡೇರೆಯಲ್ಲಿ ತಾಜಮಹಲು ಬರೆದ ಪರದೆ, ಹಲಗೆಯಲ್ಲಿ ಕತ್ತರಿಸಿದ ವಿಮಾನ. ವಿಮಾನದ ಕಿಟಕಿಯಲ್ಲಿ ತಲೆ ತೂರಿದರೆ ನಾವೂ ಆಕಾಶದಲ್ಲಿ. ಬಳ್ಳಾರಿಯ ಸ್ಟುಡಿಯೋಕ್ಕೆ ನಮ್ಮ ಮನೆಯವರೆಲ್ಲ ಒಂದೇ ಒಂದು ಸಲ ಹೋದದ್ದು, ನಾನು ಐದನೆಯ ತರಗತಿಯಲ್ಲಿದ್ದಾಗ. ಅಪ್ಪ ಧೋತರ ಉಟ್ಟು, ಚಿಕ್ಕಪ್ಪನ ಕೈಗಡಿಯಾರವನ್ನು ಎರವಲು ಪಡೆದು ಕಟ್ಟಿಕೊಂಡಿದ್ದರು. ಗಡಿಯಾರ ಕಾಣಲೆಂದು ಅಂಗಿಯ ತೋಳನ್ನು ಎರಡು ಮಡಿಕೆ ಏರಿಸಿದ್ದರು. ಪಕ್ಕದ ಮೇಜಿನ ಮೇಲೆ ಕಾಗದದ ಹೂವಿನ ಕುಂಡ, ಅದರ ಪಕ್ಕ ಒಂದು ರೇಡಿಯೋ. (ಈ ಪತ್ರಿಕೆಯ ವಾಚಕರಿಗೆ ಸಂತೋಷವಾದೀತೆಂದು ಹೇಳುತ್ತೇನೆ: ಆ ರೇಡಿಯೋದ ಒಳಗೆ ಏನೂ ಇರಲಿಲ್ಲ. ಬರಿಯ ಪೆಟ್ಟಿಗೆ. ಚಿತ್ರದಲ್ಲಿ ಮಾತ್ರ ನಮ್ಮ ಮನೆಗೆ ರೇಡಿಯೋ ಬಂದಿತ್ತು.) ಫೋಟೋದಾತ ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ, ಮತ್ತೆ ಹೊರಬಂದು, “ಗದ್ದ ಸ್ವಲ್ಪ ಇಳಿಸ್ರಿ ಯಜಮಾನ್ರೆ, ಅಮ್ಮಾರೆ, ಈ ಕಡೆ ನೋಡ್ರಿ” ಎಂದು ಅವ್ವನ ಸೆರಗಿನ ಕಡೆಗೆ ಸನ್ನೆ ಮಾಡಿದ. ಅವ್ವ ಸೆರಗು ಸರಿಮಾಡಿಕೊಂಡರು. ಅಪರಿಚಿತನೊಬ್ಬ ಅಷ್ಟು ಹೊತ್ತು ಅವ್ವನ ಮುಖವನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದು ಅವರ ಜೀವಮಾನದಲ್ಲಿ ಅದೊಂದೇ ಸಲವಿರಬೇಕು. ಚಿತ್ರ ಹೇಗೆ ಬಂದಿದೆಯೆಂದು ತಿಳಿಯಲು ಒಂದು ವಾರ ಕಾಯಬೇಕಾಯಿತು.

ಅಜ್ಜಿ ಆ ದಿನ ಬರಲಿಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ ಅವರ ವಯಸ್ಸಿನವರಲ್ಲಿ ಬಲವಾಗಿತ್ತು. ಹೀಗೆ ಹಟ ಹಿಡಿದವರ ಚಿತ್ರ ನಮ್ಮ ಕಡೆ ಒಂದೇ ಒಂದು ಸಂದರ್ಭದಲ್ಲಿ ಸಿಕ್ಕುತ್ತಿತ್ತು. ಲಿಂಗವಂತರಲ್ಲಿ ತೀರಿಕೊಂಡವರನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಹೂಮಾಲೆ ಹಾಕುವ ಪದ್ಧತಿ. ಆಗ ಫೋಟೋದವನನ್ನು ಕರೆಸುವರು. ಮಕ್ಕಳು ಮೊಮ್ಮಕ್ಕಳೆಲ್ಲ ಎರಡೂ ಪಕ್ಕ ನಿಲ್ಲುವರು. ಎಷ್ಟೋ ಮನೆಗಳಲ್ಲಿ ಹಿರಿಯರ ಮೊದಲ ಚಿತ್ರವೂ ಕಡೆಯ ಚಿತ್ರವೂ ಅದೇ. ನನ್ನ ಅಜ್ಜಿಯದೂ ಹಾಗೆಯೇ. ಬಳಿಕ ಅಪ್ಪ ಆ ಚಿತ್ರದಿಂದ ಅಜ್ಜಿಯ ಮುಖವೊಂದನ್ನೇ ದೊಡ್ಡದು ಮಾಡಿಸಿ, ಕಣ್ಣು ತೆರೆಸಿಕೊಡಬೇಕೆಂದು ಕೇಳಿದರು. ಅದು ಸಾಮಾನ್ಯವಾಗಿ ನಡೆಯುತ್ತಿದ್ದ ಕೆಲಸವೇ. ವಿಗ್ರಹಕ್ಕೆ ಕಡೆಯಲ್ಲಿ ಕಣ್ಣು ತೆರೆಯುವ ಶಿಲ್ಪಿಯಂತೆ ಚಿತ್ರಗಾರನೊಬ್ಬ ಕುಂಚದಿಂದ ಮುಚ್ಚಿದ ರೆಪ್ಪೆಗಳ ಮೇಲೆ ಕಣ್ಣುಗಳನ್ನು ಬರೆದುಕೊಟ್ಟ. ಕಪ್ಪು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆವು. ಕಣ್ಣುಗಳು ಬಹಳ ಚೆನ್ನಾಗಿದ್ದವು. ದೊಡ್ಡವು, ಹೊಳೆಯುವವು, ಯಾವುದೋ ದೇವಿಯ ಪಟದ ಕಣ್ಣುಗಳಂತಿದ್ದವು. ಅಪ್ಪ ಪ್ರತಿ ಹಬ್ಬಕ್ಕೂ ಆ ಪಟಕ್ಕೆ ಹೂವೇರಿಸಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. “ಅವ್ವನ ಕಣ್ಣು ಹಿಂಗಿರಲಿಲ್ಲ” ಎಂದು ಒಮ್ಮೆ ನನ್ನೊಡನೆ ಅಂದರು. ಹೇಗಿತ್ತೆಂದು ಕೇಳಿದರೆ ಅವರಿಂದ ಹೇಳಲಾಗಲಿಲ್ಲ. ಬರೆದ ಕಣ್ಣುಗಳನ್ನು ನೋಡಿ ನೋಡಿ ನಿಜವಾದವು ಮರೆತುಹೋಗಿದ್ದವು.

ಬಡವರ ಭಾವಚಿತ್ರದ ಚರಿತ್ರೆಯಲ್ಲಿ ಒಂದು ವರ್ಷವನ್ನು ಯಾರೂ ಎತ್ತಿ ಹೇಳುವುದಿಲ್ಲ. ನಾನು ಹೇಳುತ್ತೇನೆ: 1993. ಆ ವರ್ಷ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಟಿ. ಎನ್. ಶೇಷನ್ ಅವರು ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂದು ಆದೇಶ ಹೊರಡಿಸಿದರು. ಕಳ್ಳ ಮತ ತಡೆಯುವುದು ಅದರ ಉದ್ದೇಶ. ಆದರೆ ಅದರಿಂದ ಯಾರೂ ಎಣಿಸದಿದ್ದ ಇನ್ನೊಂದು ಫಲ ಒದಗಿತು. ಎಂದೂ ಸ್ಟುಡಿಯೋ ಮೆಟ್ಟಿಲು ಹತ್ತದ ಕೂಲಿಯ ಹೆಂಗಸರು, ಕುರಿ ಕಾಯುವವರು, ಮುದುಕರು ಶಾಲೆಯ ಗೋಡೆಯ ಮುಂದೆ ಸಾಲಾಗಿ ಬಂದು ಕುಳಿತರು. ಒಬ್ಬೊಬ್ಬರಿಗೆ ಅರೆ ನಿಮಿಷ. ಬಂದ ಚಿತ್ರ ಉಗುರಿನಷ್ಟಗಲ, ಅದೂ ಮಸಿ ಮಸಿ. ಹಾಗಿದ್ದರೂ ಅದು ಅವರ ಮುಖ, ಕಣ್ಣು ತೆರೆದಿದ್ದ ಮುಖ. ಆಮೇಲೆ 2010ರಿಂದ ಆಧಾರ್ ಚೀಟಿಯ ಚಿತ್ರವೂ ಅದರೊಡನೆ ಸೇರಿತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಆ ಚೀಟಿಯನ್ನೇ ಸ್ಟುಡಿಯೋಕ್ಕೆ ಒಯ್ಯುವುದು ನಮ್ಮ ಕಡೆ ರೂಢಿಯಾಗಿದೆ. ಕಂಪ್ಯೂಟರಿನಲ್ಲಿ ಹಣೆಗೆ ಕುಂಕುಮ, ಮೈಗೆ ಜರಿಯ ಸೀರೆ, ಹಿಂದೆ ನೀಲಿ ಆಕಾಶ ಜೋಡಿಸಿ ಕೊಡುತ್ತಾರೆ. ತಾವು ಯಾವ ಹಳ್ಳಿಯ ಮನೆಗಾದರೂ ಹೋಗಿ ನಡುಮನೆಯ ಪಟಗಳನ್ನು ನೋಡಿರಿ. ಅದೇ ಸೀರೆಯನ್ನು, ಅದೇ ಆಕಾಶವನ್ನು ಪಕ್ಕದ ಮನೆಯಲ್ಲಿಯೂ ಕಾಣುವಿರಿ. ವೀರಗಲ್ಲಿನಲ್ಲಿ ಮೈ ಒಂದೇ, ಹೆಸರು ಬೇರೆ ಎಂದೆನಷ್ಟೆ. ಇಲ್ಲಿ ಮೈ ಒಂದೇ, ಮುಖ ಬೇರೆ.

ಇನ್ನು ಮೊಬೈಲಿನ ಕಥೆ. ಇದು ತಮಗೆಲ್ಲ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. ಜಪಾನಿನಲ್ಲಿ 1999ರಲ್ಲಿ ಮಾತನಾಡುವವನ ಮುಖದ ಕಡೆಗೆ ಕಣ್ಣಿರುವ ಫೋನು ಬಂದಿತು. ದೂರದವರೊಡನೆ ಮುಖ ನೋಡಿ ಮಾತನಾಡಲಿ ಎಂಬುದು ಅದನ್ನು ಮಾಡಿದವರ ಎಣಿಕೆ. ಜನ ಅದನ್ನು ಕನ್ನಡಿಯಾಗಿ ಬಳಸಿಕೊಂಡರು. ‘ಸೆಲ್ಫಿ’ ಎಂಬ ಮಾತು 2002ರಲ್ಲಿ ಆಸ್ಟ್ರೇಲಿಯದವರೊಬ್ಬರ ಬರಹದಲ್ಲಿ ಮೊದಲು ಕಂಡಿತೆಂದು ನಿಘಂಟುಕಾರರು ಗುರುತಿಸಿದ್ದಾರೆ. 2013ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ವರ್ಷದ ಪದವೆಂದು ಆರಿಸಿದರು. ಇದಕ್ಕೆ ಅಚ್ಚಗನ್ನಡದ ಪದವೊಂದನ್ನು ಕಟ್ಟಿಕೊಡಿರೆಂದು ನನ್ನನ್ನು ಕೇಳಿದವರಿದ್ದಾರೆ. ಪಂಡಿತನೆಂಬ ಅಪವಾದ ಹೊತ್ತವನಿಗೆ ಇದು ತಪ್ಪದು. ಆದರೆ ಕುರುಗೋಡಿನ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಅಜ್ಜಿಯೂ “ಸೆಲ್ಫಿ ಹೊಡಿ ಬಾರೋ” ಎಂದು ಮೊಮ್ಮಗನನ್ನು ಕರೆಯುವಾಗ ನನ್ನ ಪದ ಯಾರಿಗೆ ಬೇಕು? ಕೈಯಳತೆಯಷ್ಟು ಹತ್ತಿರದಿಂದ ತೆಗೆಯುವುದರಿಂದ ಮೂಗು ಇದ್ದದ್ದಕ್ಕಿಂತ ದಪ್ಪವಾಗಿ, ಕಿವಿ ಹಿಂದೆ ಸರಿದು ಕಾಣುತ್ತವೆಂಬುದನ್ನು ಮಾತ್ರ ಆ ಅಜ್ಜಿಗೂ ತಿಳಿಸಬೇಕು. ಇದರಲ್ಲಿ ಅಪಾಯವಿಲ್ಲವೆಂದಲ್ಲ. ಸೆಲ್ಫಿ ತೆಗೆದುಕೊಳ್ಳಲು ಹೋಗಿ ಪ್ರಾಣ ಬಿಟ್ಟವರನ್ನು ಸಂಶೋಧಕರು ಲೆಕ್ಕ ಹಾಕಿದಾಗ, 2014ರ ಮಾರ್ಚಿನಿಂದ 2016ರ ಸೆಪ್ಟೆಂಬರಿನವರೆಗೆ ಸಿಕ್ಕ 127 ಮರಣಗಳಲ್ಲಿ 76 ನಮ್ಮ ದೇಶದವೇ. ರೈಲಿನ ಹಳಿ, ಕೆರೆಯ ಕೋಡಿ, ಬಂಡೆಯ ಅಂಚು. ನಮ್ಮಲ್ಲಿ ಬಂಡೆಗೂ ಕಾಲುವೆಗೂ ಕೊರತೆಯಿಲ್ಲದ್ದರಿಂದ ಮಕ್ಕಳಿಗೆ ಇದನ್ನು ವರ್ಷಕ್ಕೊಮ್ಮೆಯಾದರೂ ಹೇಳುತ್ತೇನೆ.

ಹಿಂದೆ ನಾನು ಒಂಬತ್ತನೆಯ ತರಗತಿಯ ಮಕ್ಕಳಿಗೆ, ‘ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ಫೋಟೋವನ್ನು ತನ್ನಿರಿ, ಅದರಲ್ಲಿರುವವರ ವಿಷಯ ಹತ್ತು ವಾಕ್ಯ ಬರೆಯಿರಿ’ ಎಂದಿದ್ದೆ. ಪ್ರಬಂಧ ಬರೆಸುವ ಉಪಾಯ, ಅಷ್ಟೆ. ಕೆಲವರು ಕಟ್ಟು ಸಮೇತ ಪಟ ಹೊತ್ತು ತಂದರು. ಒಬ್ಬಳು ಹುಡುಗಿ ಅಜ್ಜಿಯ ಮತದಾನದ ಚೀಟಿಯನ್ನು ಅರಿವೆಯಲ್ಲಿ ಸುತ್ತಿ ತಂದು, “ಇದೊಂದೇ ಐತೆ ಸಾರ್, ಕಳೀಬ್ಯಾಡ ಅಂತ ಹೇಳ್ಯಾಳೆ ನಮ್ಮವ್ವ” ಎಂದು ನನ್ನ ಮೇಜಿನ ಮೇಲಿಟ್ಟಳು. ಕಡೆಯ ಬೆಂಚಿನ ಹುಡುಗನೊಬ್ಬ ಬರಿಗೈಯಲ್ಲಿ ಎದ್ದು ನಿಂತ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, “ಮೊಬೈಲು ಕಾಲುವೆಗೆ ಬಿತ್ತು ಸಾರ್. ಅಜ್ಜಿ ಅದ್ರಾಗೆ ಇದ್ಲು” ಎಂದ. ಮಕ್ಕಳು ಗೊಳ್ಳೆಂದು ನಕ್ಕರು. ಹುಡುಗ ನಗಲಿಲ್ಲ. ವಿಚಾರಿಸಿದಾಗ ತಿಳಿಯಿತು: ಅಜ್ಜಿಯ ನೂರಾರು ಚಿತ್ರಗಳು ಅದರಲ್ಲಿದ್ದವಂತೆ. ರೊಟ್ಟಿ ಬಡಿಯುವುದು, ಎಲೆ ಮಡಿಚುವುದು, ಇವನೊಡನೆ ಕೆನ್ನೆಗೆ ಕೆನ್ನೆ ಹಚ್ಚಿಕೊಂಡು ನಗುವುದು. ಒಂದನ್ನೂ ಕಾಗದಕ್ಕೆ ಇಳಿಸಿರಲಿಲ್ಲ, ಬೇರೆ ಯಾರಿಗೂ ಕಳುಹಿಸಿರಲಿಲ್ಲ. ಅಜ್ಜಿ ತೀರಿಕೊಂಡು ಮೂರು ತಿಂಗಳಿಗೆ ಫೋನು ತುಂಗಭದ್ರೆಯ ಕಾಲುವೆಯ ಪಾಲಾಗಿತ್ತು. ಗುರುತಿನ ಚೀಟಿಯೂ ಎಲ್ಲಿಯೋ ಕಳೆದಿತ್ತು. ನನ್ನ ಅಪ್ಪನಿಗೆ ಒಂದು ಚಿತ್ರವಿತ್ತು, ಕಣ್ಣಿರಲಿಲ್ಲ. ಈ ಹುಡುಗನಿಗೆ ನೂರಿದ್ದವು, ಒಂದೂ ಇಲ್ಲ.

ಹತ್ತು ವಾಕ್ಯವನ್ನು ನೆನಪಿನಿಂದಲೇ ಬರೆ ಎಂದು ಹೇಳಿದೆ. ಬರೆದ. ಅದರಲ್ಲಿ ಅಜ್ಜಿಯ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದೆಂದು ಒಂದು ವಾಕ್ಯವಿತ್ತು. ನಾನು ಅದರ ಕೆಳಗೆ ಗೆರೆ ಎಳೆದೆ.

ಆ ಸಂಗತಿ ಊರಲ್ಲಿ ಬಾಯಿಂದ ಬಾಯಿಗೆ ಹೋಗಿರಬೇಕು. ಕೆಲವು ವಾರಗಳ ಮೇಲೆ ಅದೇ ಓಣಿಯ ಒಬ್ಬ ತರುಣ ತನ್ನ ಮೊಬೈಲಿನಲ್ಲಿ ಹುಡುಕಿ ಒಂದು ಚಿತ್ರವನ್ನು ತಂದುಕೊಟ್ಟನಂತೆ. ಎರಡು ವರ್ಷದ ಹಿಂದಿನ ಜಾತ್ರೆಯಲ್ಲಿ ತೇರಿಗೆ ಬೆನ್ನು ಮಾಡಿ ನಿಂತು ಅವನು ತೆಗೆದುಕೊಂಡ ಸೆಲ್ಫಿ. ಅವನ ನಗುವ ಮುಖ ಮುಕ್ಕಾಲು ಪಾಲು ಜಾಗ ಹಿಡಿದಿದೆ. ಹಿಂದೆ ತೇರು. ಅವನ ಹೆಗಲಿಗೂ ತೇರಿನ ಗಾಲಿಗೂ ನಡುವೆ, ತನ್ನ ಚಿತ್ರ ಬೀಳುತ್ತಿದೆಯೆಂಬ ಅರಿವಿಲ್ಲದೆ, ಉತ್ತತ್ತಿ ಹಿಡಿದ ಕೈಯನ್ನು ಎತ್ತಿ ಕಳಸವನ್ನು ನೋಡುತ್ತಿರುವ ಮುದುಕಿ. ಬಳ್ಳಾರಿಗೆ ಒಯ್ದು ಅಷ್ಟನ್ನೇ ಕತ್ತರಿಸಿ ದೊಡ್ಡದು ಮಾಡಿಸಿದರು. ಸ್ಟುಡಿಯೋದವನು ನೀಲಿ ಆಕಾಶ ಹಾಕಿಕೊಡುವೆನೆಂದನಂತೆ, ಹುಡುಗನ ಅಪ್ಪ ಬೇಡವೆಂದನಂತೆ. ಮೊನ್ನೆ ಅವರ ಮನೆಗೆ ಹೋಗಿದ್ದಾಗ ನೋಡಿದೆ. ಚಿತ್ರ ಸ್ವಲ್ಪ ಮಸುಕಾಗಿದೆ. ಎಡಗಣ್ಣು ಚಿಕ್ಕದಿರುವುದು ತಿಳಿಯುತ್ತದೆ. ಕೆಳಗಿನ ಮೂಲೆಯಲ್ಲಿ ಕೆಂಪು ಅಂಗಿ ತೊಟ್ಟ ಹೆಗಲೊಂದು ಉಳಿದುಕೊಂಡಿದೆ. ಅದನ್ನು ತೆಗೆಸಲಿಲ್ಲವೇಕೆಂದು ಕೇಳಿದೆ. “ತೆಗೆದ್ರೆ ಅಜ್ಜಿ ಕೈ ಹೋಗ್ತಿತ್ತು ಸಾರ್” ಎಂದ ಹುಡುಗ.